ಓದುಗರ ಪ್ರಶ್ನೆಗಳಿಗೆ ಉತ್ತರ: ನರರೋಗ ಕಲಿಯುವವರ ವಿವೇಚನೆಯನ್ನು ಅಳೆಯುವುದು ಹೇಗೆ?

ಈ ಸಂಚಿಕೆಗೆ ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ, ವೈದ್ಯಕೀಯ ಶಿಕ್ಷಣಕ್ಕೆ ಸಂಬಂಧಿಸಿದ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಆರಿಸಿಕೊಳ್ಳಲಾಗಿದೆ. ಉತ್ತರಿಸಿರುವವರು ಜನರಲ್ ಮೆಡಿಸಿನ್ ವಿಭಾಗದ ಹಿರಿಯ ಅಧ್ಯಾಪಕರು.

ಪ್ರಶ್ನೆ: ನಾನು ಎಂಬಿಬಿಎಸ್ ಅಂತಿಮ ವರ್ಷದ ವಿದ್ಯಾರ್ಥಿನಿ. ನರವ್ಯೂಹದ ಮೇಲಿನ ಥಿಯರಿ ಹಾಗೂ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನನಗೆ ಒಳ್ಳೆಯ ಅಂಕಗಳೇ ಬರುತ್ತವೆ. ಆದರೆ ವಾರ್ಡಿನಲ್ಲಿ ಕಾಲು ಸ್ವಾಧೀನ ತಪ್ಪಿದ ರೋಗಿಯ ಮುಂದೆ ನಿಂತರೆ ಮೊದಲು ಏನು ಕೇಳಬೇಕು, ಏನು ಪರೀಕ್ಷಿಸಬೇಕು ಎಂಬುದೇ ತೋಚುವುದಿಲ್ಲ. ಹಾಗಾದರೆ ಆ ಅಂಕಗಳು ಅಳೆಯುತ್ತಿರುವುದು ಏನನ್ನು?
— ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ಅಂಕಗಳು ಸುಳ್ಳಲ್ಲ. ನಿಮ್ಮ ನೆನಪಿನಲ್ಲಿ ಏನಿದೆ ಎಂಬುದನ್ನು ಅವು ಸರಿಯಾಗಿಯೇ ಅಳೆದಿವೆ. ಪಠ್ಯಪುಸ್ತಕ ರೋಗದ ಹೆಸರಿನಿಂದ ಹೊರಟು ಲಕ್ಷಣಗಳ ಕಡೆಗೆ ಬರುತ್ತದೆ. ರೋಗಿಯಾದರೋ ಲಕ್ಷಣವನ್ನು ಹೊತ್ತು ಬರುತ್ತಾರೆ, ಹೆಸರನ್ನು ಹುಡುಕುವ ಕೆಲಸ ನಿಮ್ಮದು. ‘ಕಾಮನ್ ಪೆರೋನಿಯಲ್ ನರಕ್ಕೆ ಪೆಟ್ಟಾದರೆ ಏನಾಗುತ್ತದೆ’ ಎಂದು ಕೇಳಿದಾಗ ‘ಪಾದ ಜೋತುಬೀಳುತ್ತದೆ’ ಎಂದು ಬರೆದವರಿಗೆ ಅಂಕ ಸಿಗುತ್ತದೆ. ಆದರೆ ಪಾದ ಜೋತುಬಿದ್ದ ರೋಗಿ ಬಂದು ಕುಳಿತಾಗ ಅದಕ್ಕೆ ಆ ನರವೇ ಕಾರಣವೋ, ಸೊಂಟದ ಬಳಿಯ ನರಬೇರೋ, ಬೆನ್ನುಹುರಿಯೋ, ಮೆದುಳೋ ಎಂದು ತೀರ್ಮಾನಿಸುವುದು ಬೇರೆಯದೇ ಕೆಲಸ. ಅದನ್ನೇ ಕ್ಲಿನಿಕಲ್ ರೀಸನಿಂಗ್ ಎನ್ನುತ್ತಾರೆ; ಈ ಅಂಕಣದಲ್ಲಿ ವೈದ್ಯಕೀಯ ವಿವೇಚನೆ ಎಂದು ಕರೆಯೋಣ.

ಈ ತೊಡಕು ನಿಮ್ಮೊಬ್ಬರದೇ ಅಲ್ಲ. ಅಮೆರಿಕದ ನರತಜ್ಞ ರಾಲ್ಫ್ ಜೋಜೆಫೊವಿಚ್ ಅವರು 1994ರಲ್ಲೇ ವಿದ್ಯಾರ್ಥಿಗಳಲ್ಲಿ ಕಾಣುವ ಈ ಅಂಜಿಕೆಗೆ ‘ನ್ಯೂರೋಫೋಬಿಯಾ’ ಎಂದು ಹೆಸರಿಟ್ಟು, ಮೊದಲ ವರ್ಷಗಳಲ್ಲಿ ಓದಿದ ಮೂಲ ವಿಜ್ಞಾನವನ್ನು ರೋಗಿಯ ಬಳಿ ಬಳಸಲು ಬಾರದಿರುವುದೇ ಅದರ ಮೂಲ ಎಂದು ಬರೆದರು. ಶರೀರರಚನೆಯನ್ನು ಮೊದಲ ವರ್ಷದಲ್ಲಿ ಮುಗಿಸಿ, ಪಾರ್ಶ್ವವಾಯುವಿನ ರೋಗಿಯನ್ನು ಮೂರನೆಯ ವರ್ಷದಲ್ಲಿ ನೋಡುವ ನಮ್ಮ ಪದ್ಧತಿಯಲ್ಲಿ ಆ ಎರಡನ್ನೂ ಜೋಡಿಸುವ ಹೊಣೆಯನ್ನು ವಿದ್ಯಾರ್ಥಿಯ ತಲೆಗೇ ಕಟ್ಟಿದ್ದೇವೆ.

ವಿವೇಚನೆಯನ್ನು ಅಳೆಯುವ ಪ್ರಶ್ನೆ ಹೇಗಿರಬೇಕು ಎಂಬುದನ್ನು ನಮ್ಮ ಜಿಲ್ಲೆಯಲ್ಲೇ ಕಾಣಬಹುದಾದ ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ. ಕಾಫಿ ನರ್ಸರಿಯಲ್ಲಿ ಪಾಲಿಥೀನ್ ಚೀಲಗಳಿಗೆ ಮಣ್ಣು ತುಂಬುವ ಹೆಂಗಸೊಬ್ಬರು ಬರುತ್ತಾರೆ ಎಂದುಕೊಳ್ಳಿ. ಎರಡು ವಾರದಿಂದ ಬಲಗಾಲಿನ ಚಪ್ಪಲಿ ನಡೆಯುವಾಗ ಜಾರಿ ಹೋಗುತ್ತಿದೆ, ಮೆಟ್ಟಿಲಿಗೆ ಬೆರಳು ತಾಗಿ ಎಡವುವಂತಾಗುತ್ತದೆ ಎನ್ನುತ್ತಾರೆ. ನಡೆಸಿ ನೋಡಿದರೆ ಬಲ ಮಂಡಿಯನ್ನು ಎತ್ತರಕ್ಕೆ ಎತ್ತಿ, ಪಾದವನ್ನು ಟಪ್ಪೆಂದು ನೆಲಕ್ಕೆ ಹಾಕುತ್ತಾರೆ. ಇಷ್ಟನ್ನು ಕೊಟ್ಟು ‘ಇದು ಯಾವ ರೋಗ’ ಎಂದು ಕೇಳಿದರೆ ಊಹೆಯಿಂದಲೂ ಉತ್ತರಿಸಬಹುದು. ಅದರ ಬದಲು ಹೀಗೆ ಕೇಳಬೇಕು: ‘ತೊಂದರೆ ಮಂಡಿಯ ಬಳಿಯ ಪೆರೋನಿಯಲ್ ನರದಲ್ಲಿದೆಯೋ, ಐದನೆಯ ಸೊಂಟದ ನರಬೇರಿನಲ್ಲಿದೆಯೋ ಎಂದು ಬೇರ್ಪಡಿಸಲು ನೀವು ಮಾಡುವ ಎರಡು ಪರೀಕ್ಷೆಗಳು ಯಾವುವು? ಎರಡಕ್ಕಿಂತ ಹೆಚ್ಚು ಬರೆದರೆ ಅಂಕವಿಲ್ಲ.’

ಪಾದವನ್ನು ಮೇಲಕ್ಕೆತ್ತಿಸಿ ಅದರ ಬಲವನ್ನು ನೋಡುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಎರಡೂ ಕಡೆಯ ತೊಂದರೆಯಲ್ಲಿ ಅದು ಸೋತಿರುತ್ತದೆ. ಅಂಗಾಲನ್ನು ಒಳಮುಖವಾಗಿ ತಿರುಗಿಸಲು ಹೇಳಬೇಕು. ಆ ಕೆಲಸ ಮಾಡುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿಗೆ ಐದನೆಯ ಸೊಂಟದ ನರಬೇರಿನಿಂದಲೇ ಎಳೆಗಳು ಬಂದರೂ ಅವು ಸಾಗುವುದು ಟಿಬಿಯಲ್ ನರದ ಮೂಲಕ; ಪೆರೋನಿಯಲ್ ನರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಒಳತಿರುವಿನ ಬಲ ಗಟ್ಟಿಯಾಗಿದ್ದರೆ ತೊಂದರೆ ಪೆರೋನಿಯಲ್ ನರದಲ್ಲಿದೆ, ಅದೂ ಕುಂದಿದ್ದರೆ ನರಬೇರಿನ ಕಡೆಗೆ ನೋಡಬೇಕು. ಎರಡನೆಯದಾಗಿ ಮಗ್ಗುಲಾಗಿ ಮಲಗಿಸಿ ಇಡೀ ಕಾಲನ್ನು ಮೇಲಕ್ಕೆತ್ತಿಸಿದರೆ ಅದೇ ತರ್ಕಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ, ಏಕೆಂದರೆ ಸೊಂಟದ ಪಕ್ಕದ ಆ ಸ್ನಾಯುವಿಗೂ ಅದೇ ನರಬೇರಿನ ಎಳೆಗಳು ಮಂಡಿಯನ್ನು ಮುಟ್ಟುವ ಮೊದಲೇ ಕವಲೊಡೆದು ಹೋಗಿರುತ್ತವೆ. ಈ ಎರಡು ಪರೀಕ್ಷೆಗಳಿಗೆ ಎರಡು ನಿಮಿಷ ಸಾಕು, ಯಾವ ಯಂತ್ರವೂ ಬೇಡ.

ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಬಾರದು. ‘ಒಳತಿರುವಿನ ಬಲ ಸರಿಯಿದೆ, ಈಗ ರೋಗದ ಇತಿಹಾಸದಲ್ಲಿ ಏನನ್ನು ಕೇಳುವಿರಿ, ಕೈಯಿಟ್ಟು ಏನನ್ನು ನೋಡುವಿರಿ’ ಎಂಬುದು ಮುಂದಿನ ಹೆಜ್ಜೆ. ದಿನವಿಡೀ ಕುಕ್ಕುರುಗಾಲಿನಲ್ಲಿ ಕುಳಿತು ಮಾಡುವ ಕೆಲಸದಿಂದ, ಮಂಡಿಯ ಕೆಳಗೆ ಹೊರಬದಿಯಲ್ಲಿರುವ ಫಿಬ್ಯುಲಾ ಮೂಳೆಯ ಕುತ್ತಿಗೆಯ ಬಳಿ ನರ ಒತ್ತಿಹೋಗಿರಬಹುದು ಎಂಬುದು ವಿದ್ಯಾರ್ಥಿಗೆ ಹೊಳೆಯಬೇಕು. ಅದೇ ಜಾಗದಲ್ಲಿ ಬೆರಳಾಡಿಸಿ ನರ ದಪ್ಪಗಾಗಿದೆಯೇ, ಚರ್ಮದಲ್ಲಿ ಸ್ಪರ್ಶಜ್ಞಾನವಿಲ್ಲದ ಮಾಸಲು ಮಚ್ಚೆಗಳಿವೆಯೇ ಎಂದು ನೋಡುವುದೂ ಹೊಳೆಯಬೇಕು, ಏಕೆಂದರೆ 2005ರಲ್ಲಿ ಭಾರತವು ಕುಷ್ಠರೋಗ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಿಸಿದರೂ ರೋಗ ಮಾಯವಾಗಿಲ್ಲ, ಮತ್ತು ಅದು ಗುಣಪಡಿಸಬಲ್ಲ ರೋಗ. ಕೂರುವ ಭಂಗಿಯೇ ಕಾರಣವೆಂದು ತೃಪ್ತಿಪಟ್ಟು ನರವನ್ನು ಮುಟ್ಟಿ ನೋಡದೆ ಬಿಟ್ಟವರು ಸರಿಯಾದ ಜಾಗವನ್ನು ಹುಡುಕಿಯೂ ರೋಗವನ್ನು ತಪ್ಪಿಸಿಕೊಳ್ಳಬಹುದು.

ಇಂಥ ಪ್ರಶ್ನೆಗಳಿಗೆ ‘ಕೀ ಫೀಚರ್’ ಪ್ರಶ್ನೆಗಳೆಂದು ಹೆಸರು. ಕೆನಡಾದ ವೈದ್ಯಕೀಯ ಪರಿಷತ್ತಿನ ಪರೀಕ್ಷೆಗಾಗಿ 1980ರ ದಶಕದಲ್ಲಿ ಜಾರ್ಜ್ ಬೋರ್ಡಾಜ್ ಮತ್ತು ಗಾರ್ಡನ್ ಪೇಜ್ ಇವುಗಳನ್ನು ರೂಪಿಸಿದರು. ಪ್ರತಿ ರೋಗಿಯ ವಿಷಯದಲ್ಲೂ ದಾರಿ ಕವಲೊಡೆಯುವ ಹಂತಗಳು ಕೆಲವೇ ಇರುತ್ತವೆ, ಅಂಕವನ್ನು ಅಲ್ಲಿ ಮಾತ್ರ ಇಡಬೇಕು ಎಂಬುದು ಅವರ ವಿಚಾರ. ಎಲ್ಲವನ್ನೂ ಕೇಳಿ, ಎಲ್ಲವನ್ನೂ ಪರೀಕ್ಷಿಸಿದ ವಿದ್ಯಾರ್ಥಿಗೇ ಹೆಚ್ಚು ಅಂಕ ಸಿಗುತ್ತಿದ್ದ ಹಿಂದಿನ ಪದ್ಧತಿಯ ದೋಷವನ್ನು ಇದು ಸರಿಪಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ನರವಿಜ್ಞಾನಕ್ಕೆ ಇದಕ್ಕಿಂತ ಹೊಂದುವ ಬರವಣಿಗೆಯ ಪರೀಕ್ಷೆ ಬೇರೊಂದಿಲ್ಲ.

ಪರೀಕ್ಷೆ ಬದಲಾಗುವವರೆಗೆ ನೀವು ಕಾಯಬೇಕಿಲ್ಲ. ವಾರ್ಡಿನಲ್ಲಿ ಸಹಪಾಠಿಯೊಬ್ಬರನ್ನು ಜೊತೆ ಮಾಡಿಕೊಳ್ಳಿ. ಅವರು ರೋಗಿಯ ವಿವರವನ್ನು ತುಣುಕು ತುಣುಕಾಗಿ ಕೊಡಲಿ. ಪ್ರತಿ ತುಣುಕಿನ ನಂತರ ನೀವು ಬಾಯಿಬಿಟ್ಟು ಎರಡು ಮಾತು ಹೇಳಿ: ತೊಂದರೆ ನರವ್ಯೂಹದ ಯಾವ ಜಾಗದಲ್ಲಿದೆ, ಮತ್ತು ಈಗ ಕೇಳಿದ ಮಾತಿನಿಂದ ನಿಮ್ಮ ಅನಿಸಿಕೆ ಯಾವ ಕಡೆಗೆ ವಾಲಿತು. ಜಾಗ ನಿಶ್ಚಯವಾಗುವ ಮೊದಲು ರೋಗದ ಹೆಸರು ಹೇಳುವುದನ್ನು ಇಬ್ಬರೂ ನಿಷೇಧಿಸಿಕೊಳ್ಳಿ. ಜಾಗ ಗೊತ್ತಾದ ಮೇಲೆ ಕಾಲದ ಲೆಕ್ಕ ನೋಡಿ. ಕ್ಷಣಾರ್ಧದಲ್ಲಿ ಬಂದದ್ದು ಸಾಮಾನ್ಯವಾಗಿ ರಕ್ತನಾಳದ್ದು, ದಿನಗಳಲ್ಲಿ ಬೆಳೆದದ್ದು ಸೋಂಕು ಅಥವಾ ಉರಿಯೂತದ್ದು, ತಿಂಗಳುಗಳಲ್ಲಿ ಬೆಳೆದದ್ದು ಗಡ್ಡೆಯದ್ದು, ವರ್ಷಗಟ್ಟಲೆ ಎಳೆದದ್ದು ಸವೆತದ್ದು. ಇದಕ್ಕೆ ಅಪವಾದಗಳಿವೆ, ಆದರೆ ಅಪವಾದವನ್ನು ಗುರುತಿಸಲು ಮೊದಲು ನಿಯಮ ಕೈವಶವಾಗಬೇಕು.

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಕಿರಿಯ ಅಧ್ಯಾಪಕ. ‘ಸ್ಕ್ರಿಪ್ಟ್ ಕನ್‌ಕಾರ್ಡೆನ್ಸ್’ ಪರೀಕ್ಷೆಯ ಬಗ್ಗೆ ಓದಿದ್ದೇನೆ. ಖಚಿತ ಉತ್ತರವಿಲ್ಲದ ಪ್ರಶ್ನೆಗಳನ್ನು ಕೇಳಿ ಅಂಕ ಕೊಡುವುದು ನ್ಯಾಯವೇ? ನರತಜ್ಞರೇ ವಿರಳವಾಗಿರುವ ನಮ್ಮಂಥ ಕಡೆ ಇದನ್ನು ನಡೆಸಲು ಸಾಧ್ಯವೇ?
— ಓದುಗರು, ಮಡಿಕೇರಿ

ಉತ್ತರ: ಈ ಪರೀಕ್ಷೆಯನ್ನು ಮಾಂಟ್ರಿಯಲ್‌ನ ಬರ್ನಾರ್ಡ್ ಶಾರ್ಲಾ ಮತ್ತು ಅವರ ಸಂಗಡಿಗರು ರೂಪಿಸಿದರು. 2009ರಲ್ಲಿ ಕೆನಡಾದವರೇ ಇದನ್ನು ನರವಿಜ್ಞಾನಕ್ಕೆ ಅಳವಡಿಸಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಓದದವರಿಗಾಗಿ ಅದರ ಸ್ವರೂಪವನ್ನು ಹೇಳಬೇಕಾದರೆ, ಒಂದು ಸನ್ನಿವೇಶವನ್ನೂ ಒಂದು ಊಹೆಯನ್ನೂ ಕೊಟ್ಟು, ಅನಂತರ ಒಂದು ಹೊಸ ಮಾಹಿತಿಯನ್ನು ಕೊಡುತ್ತಾರೆ. ಆ ಮಾಹಿತಿಯಿಂದ ಊಹೆ ಬಲವಾಯಿತೇ, ದುರ್ಬಲವಾಯಿತೇ, ಇದ್ದಂತೆಯೇ ಉಳಿಯಿತೇ ಎಂಬುದನ್ನು ವಿದ್ಯಾರ್ಥಿಯು –2ರಿಂದ +2ರವರೆಗಿನ ಐದು ಹಂತಗಳಲ್ಲಿ ಗುರುತಿಸಬೇಕು. ಅದೇ ಪ್ರಶ್ನೆಗೆ ಅನುಭವಿ ವೈದ್ಯರ ತಂಡವೊಂದು ಮೊದಲೇ ಉತ್ತರಿಸಿರುತ್ತದೆ, ಅಂಕವನ್ನು ಆ ತಂಡದ ಉತ್ತರಗಳಿಂದ ಲೆಕ್ಕ ಹಾಕುತ್ತಾರೆ.

ನಮ್ಮ ಕಡೆಗೆ ಹೊಂದುವ ಸನ್ನಿವೇಶವೊಂದನ್ನು ನೋಡಿ. ತೋಟದ ಲೈನ್ ಮನೆಯಲ್ಲಿ ನೆಲದ ಮೇಲೆ ಮಲಗಿದ್ದ ಆರೋಗ್ಯವಂತ ಯುವಕನೊಬ್ಬ ಬೆಳಗಿನ ಜಾವ ಹೊಟ್ಟೆನೋವಿನಿಂದ ಎಚ್ಚರಗೊಂಡಿದ್ದಾನೆ. ಬೆಳಕು ಹರಿಯುವ ಹೊತ್ತಿಗೆ ಎರಡೂ ಕಣ್ಣಿನ ರೆಪ್ಪೆಗಳು ಜೋತುಬಿದ್ದಿವೆ, ಮಾತು ತೊದಲುತ್ತಿದೆ, ಉಗುಳು ನುಂಗಲಾಗುತ್ತಿಲ್ಲ. ಊಹೆ: ಕಟ್ಟುಹಾವಿನ ಕಡಿತ. ಹೊಸ ಮಾಹಿತಿ: ಮೈಮೇಲೆಲ್ಲ ಹುಡುಕಿದರೂ ಕಡಿದ ಗುರುತು ಸಿಗಲಿಲ್ಲ.

ಪುಸ್ತಕ ಮಾತ್ರ ಓದಿದವರು –2 ಎಂದು ಬರೆಯುವ ಸಂಭವ ಹೆಚ್ಚು. ಕಟ್ಟುಹಾವಿನ ಹಲ್ಲು ಚಿಕ್ಕದು. ಕಡಿದ ಜಾಗದಲ್ಲಿ ಊತ, ನೋವು ಇಲ್ಲದಿರುವುದು, ಗುರುತೇ ಕಾಣದಿರುವುದು ಸಾಮಾನ್ಯ ಎಂಬುದನ್ನು ಕಂಡವರು 0 ಎಂದು ಬರೆಯುತ್ತಾರೆ. ಹನ್ನೆರಡು ಮಂದಿಯ ತಂಡದಲ್ಲಿ ಎಂಟು ಮಂದಿ 0, ನಾಲ್ವರು –1 ಎಂದಿದ್ದರೆ 0 ಬರೆದ ವಿದ್ಯಾರ್ಥಿಗೆ ಪೂರ್ತಿ ಒಂದು ಅಂಕ, –1 ಬರೆದವರಿಗೆ ಅರ್ಧ ಅಂಕ, ಉಳಿದವರಿಗೆ ಸೊನ್ನೆ. ಅದೇ ಸನ್ನಿವೇಶದಲ್ಲಿ ಊಹೆಯನ್ನು ಕೀಟನಾಶಕದ ವಿಷ ಎಂದು ಬದಲಿಸಿ, ‘ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ಮೈ ಬೆವರುತ್ತಿದೆ’ ಎಂಬ ಮಾಹಿತಿ ಕೊಟ್ಟರೆ ಉತ್ತರ ಧನಾತ್ಮಕವಾಗಿ ತಿರುಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಸಿರಾಟದ ಯಂತ್ರಕ್ಕೆ ಹಾಕಿದ ಮೇಲೆ ‘ಪಾಪೆಗಳು ಬೆಳಕಿಗೆ ಸ್ಪಂದಿಸುತ್ತಿಲ್ಲ, ಕೈಕಾಲು ಅಲುಗುತ್ತಿಲ್ಲ’ ಎಂಬ ಮಾಹಿತಿಯನ್ನು ಮೆದುಳಿನ ಸಾವು ಎಂಬ ಊಹೆಯ ಎದುರಿಗೆ ಇಡಬಹುದು. ಕಟ್ಟುಹಾವಿನ ವಿಷದಿಂದ ಮೈಯ ಸ್ನಾಯುಗಳೆಲ್ಲ ಸೋತ ರೋಗಿ ಮೆದುಳು ಸತ್ತವರಂತೆಯೇ ಕಾಣಬಹುದು, ಆದರೆ ಯಂತ್ರದ ಆಸರೆ ಸಿಕ್ಕರೆ ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲ. ಇದನ್ನು ತಿಳಿಯದ ವೈದ್ಯರ ಕೈಯಲ್ಲಿ ಆ ಯುವಕನ ಗತಿ ಏನಾದೀತು ಎಂಬುದನ್ನು ಯೋಚಿಸಿದರೆ ಇಂಥ ಪ್ರಶ್ನೆಗೆ ಅಂಕ ಇಡುವುದು ನ್ಯಾಯವೇ ಎಂಬ ಸಂದೇಹ ಉಳಿಯುವುದಿಲ್ಲ.

ಆದರೂ ಈ ಪರೀಕ್ಷೆಗೆ ದೋಷಗಳಿವೆ. ತೀವ್ರ ಉತ್ತರಗಳನ್ನು ಬಿಟ್ಟು ಸುಮ್ಮನೆ ನಡುವಿನದನ್ನೇ ಗುರುತಿಸುತ್ತ ಹೋದವರಿಗೂ ಒಂದಿಷ್ಟು ಅಂಕ ದಕ್ಕಿಬಿಡುತ್ತದೆ. ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಅದು ನಿಜವಾದ ಅನಿಶ್ಚಿತತೆಯೋ, ಒಬ್ಬಿಬ್ಬರ ತಪ್ಪು ತಿಳಿವಳಿಕೆಯೋ ಎಂಬುದು ಅಂಕದಲ್ಲಿ ಕಾಣುವುದಿಲ್ಲ. ಆದ್ದರಿಂದ ಪ್ರತಿ ಉತ್ತರದ ಕೆಳಗೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಸುವುದು ಒಳ್ಳೆಯದು ಎಂಬುದು ನನ್ನ ಸಲಹೆ. ಮೌಲ್ಯಮಾಪನಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ವಿದ್ಯಾರ್ಥಿಯ ತಲೆಯೊಳಗೆ ಏನು ನಡೆದಿದೆ ಎಂಬುದು ಆ ಒಂದು ವಾಕ್ಯದಲ್ಲೇ ಗೊತ್ತಾಗುತ್ತದೆ. ಪಾಸು–ಫೇಲು ನಿರ್ಧರಿಸುವ ವಿಶ್ವವಿದ್ಯಾಲಯದ ಪರೀಕ್ಷೆಗೆ ಇದನ್ನು ತರುವುದನ್ನು ನಾನು ಒಪ್ಪುವುದಿಲ್ಲ. ವಾರ್ಡಿನ ಸರದಿ (ಪೋಸ್ಟಿಂಗ್) ಮುಗಿದ ಮೇಲಿನ ಆಂತರಿಕ ಪರೀಕ್ಷೆಗೆ ಅದು ಚೆನ್ನಾಗಿ ಹೊಂದುತ್ತದೆ.

ತಂಡದ ಬಗ್ಗೆ ಹೇಳುವುದಾದರೆ, ಕನಿಷ್ಠ ಹತ್ತು ಮಂದಿ, ಸಾಧ್ಯವಾದರೆ ಹದಿನೈದು ಮಂದಿ ಬೇಕು. ಎಂಬಿಬಿಎಸ್ ವಿದ್ಯಾರ್ಥಿಗೆ ಪ್ರಶ್ನೆ ಹಾಕುವಾಗ ಇವರೆಲ್ಲ ನರತಜ್ಞರೇ ಆಗಬೇಕಿಲ್ಲ. ಮೆಡಿಸಿನ್ ವಿಭಾಗದ ಅಧ್ಯಾಪಕರು, ತುರ್ತು ಚಿಕಿತ್ಸಾ ಘಟಕದವರು, ತಾಲ್ಲೂಕು ಆಸ್ಪತ್ರೆಗಳಲ್ಲಿ ವರ್ಷಗಳ ಕಾಲ ರಾತ್ರಿ ಪಾಳಿ ಮಾಡಿದ ವೈದ್ಯರು ಇದ್ದು, ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತರಬೇತಿ ಪಡೆದ ನರತಜ್ಞರು ಇಬ್ಬರು ಮೂವರು ಸೇರಿದರೆ ಸಾಕು. ಪ್ರಶ್ನೆಗಳನ್ನು ಕಳುಹಿಸಿ ಉತ್ತರ ತರಿಸಿಕೊಳ್ಳಲು ಯಾರೂ ಘಾಟಿ ಹತ್ತಿ ಬರಬೇಕಿಲ್ಲ.

ಪ್ರಶ್ನೆ: ಹಿಂದಿನ ಕಾಲದ ಲಾಂಗ್ ಕೇಸ್ ಪದ್ಧತಿಯೇ ವಿದ್ಯಾರ್ಥಿಯ ನಿಜವಾದ ಪರೀಕ್ಷೆ, ಈಗಿನ ಓಸ್ಕಿ (ಒಂದೊಂದು ಕೆಲಸಕ್ಕೆ ಒಂದೊಂದು ನಿಲ್ದಾಣವಿಟ್ಟು ವಿದ್ಯಾರ್ಥಿಗಳನ್ನು ಸರದಿಯಾಗಿ ಹಾಯಿಸುವ ಪ್ರಾಯೋಗಿಕ ಪರೀಕ್ಷೆ) ಎಂಬುದು ಯಾಂತ್ರಿಕ ಎಂದು ನಮ್ಮ ಹಿರಿಯರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
— ಓದುಗರು, ಕುಶಾಲನಗರ

ಉತ್ತರ: ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ಲಾಂಗ್ ಕೇಸ್‌ನಲ್ಲಿ ವಿದ್ಯಾರ್ಥಿ ಒಬ್ಬ ರೋಗಿಯ ಜೊತೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದು, ಇಡೀ ಮನುಷ್ಯನನ್ನು ನೋಡಿ, ಪರೀಕ್ಷಕರ ಮುಂದೆ ತನ್ನ ತರ್ಕವನ್ನು ಸಮರ್ಥಿಸಿಕೊಳ್ಳಬೇಕು. ವಿವೇಚನೆಯನ್ನು ನೋಡಲು ಅದು ಒಳ್ಳೆಯ ಅವಕಾಶ. ಆದರೆ ಅದು ಒಂದೇ ರೋಗಿಯ ಮೇಲೆ ನಿಂತಿದೆ. ಆರ್ಥರ್ ಎಲ್‌ಸ್ಟೀನ್, ಲೀ ಶುಲ್ಮನ್ ಮತ್ತು ಸಾರಾ ಸ್ಪ್ರಾಫ್ಕಾ ಅವರು 1978ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟ ಮುಖ್ಯ ಸಂಗತಿಯೆಂದರೆ, ಒಂದು ಪ್ರಕರಣವನ್ನು ಚೆನ್ನಾಗಿ ಬಿಡಿಸಿದವರು ಮತ್ತೊಂದನ್ನೂ ಚೆನ್ನಾಗಿ ಬಿಡಿಸುತ್ತಾರೆ ಎಂದು ಹೇಳಲು ಬರುವುದಿಲ್ಲ. ಅರ್ಧಾಂಗವಾಯುವಿನ ರೋಗಿಯನ್ನು ಸೊಗಸಾಗಿ ವಿವರಿಸಿದ ವಿದ್ಯಾರ್ಥಿ ತಲೆಸುತ್ತಿನ ರೋಗಿಯ ಮುಂದೆ ತಡವರಿಸಬಹುದು. ಪರೀಕ್ಷೆಗೆ ಯಾವ ಹಾಸಿಗೆಯ ರೋಗಿ ಬರುತ್ತಾರೆ ಎಂಬುದು ಹಿಂದಿನ ರಾತ್ರಿಯೇ ಹಾಸ್ಟೆಲಿಗೆ ತಿಳಿದಿರುವ ಕಡೆಗಳಲ್ಲಂತೂ ಲಾಂಗ್ ಕೇಸ್ ಮತ್ತೆ ನೆನಪಿನ ಪರೀಕ್ಷೆಯೇ ಆಗಿಬಿಡುತ್ತದೆ.

ಓಸ್ಕಿಯನ್ನು ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಪರಿಚಯಿಸಿದ್ದು ಈ ಅದೃಷ್ಟದ ಆಟವನ್ನು ತಗ್ಗಿಸಲೆಂದೇ. ಎಲ್ಲರಿಗೂ ಅವೇ ನಿಲ್ದಾಣಗಳು, ಅದೇ ಸಮಯ, ಅದೇ ಅಂಕಪಟ್ಟಿ. ಅದು ಯಾಂತ್ರಿಕವಾಗುವುದು ಅಂಕಪಟ್ಟಿಯಲ್ಲಿ ‘ಮೊಣಕಾಲಿನ ಪ್ರತಿವರ್ತನೆ ಪರೀಕ್ಷಿಸಿದರು, ಹೌದು ಅಥವಾ ಇಲ್ಲ’ ಎಂದಷ್ಟೇ ಇದ್ದಾಗ. ಪರೀಕ್ಷಿಸಿ ಹೊರಬಂದ ವಿದ್ಯಾರ್ಥಿಗೆ ಮುಂದಿನ ನಿಲ್ದಾಣದಲ್ಲಿ ಒಂದು ಹಾಳೆ ಕೊಟ್ಟು, ತೊಂದರೆ ಎಲ್ಲಿದೆ, ಅದನ್ನು ಸಮರ್ಥಿಸುವ ಎರಡು ಸಂಗತಿಗಳು ಯಾವುವು, ಅದಕ್ಕೆ ಒಗ್ಗದ ಒಂದು ಸಂಗತಿ ಯಾವುದು ಎಂದು ಬರೆಸಿದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಒಗ್ಗದ ಸಂಗತಿಯನ್ನು ಕೇಳುವುದನ್ನು ಬಿಡಲೇಬಾರದು, ಏಕೆಂದರೆ ಮೊದಲು ಹೊಳೆದ ಹೆಸರಿಗೆ ಅಂಟಿಕೊಳ್ಳುವ ಅಭ್ಯಾಸವನ್ನು ಹಿಡಿದು ತೋರಿಸುವುದು ಅದೇ.

ಇತಿಹಾಸ ತೆಗೆದುಕೊಳ್ಳುವ ನಿಲ್ದಾಣಕ್ಕೆ ರೋಗಿಯ ಪಾತ್ರ ವಹಿಸುವವರನ್ನು ಕೂರಿಸಬಹುದು. ಕೊಡಗಿನಲ್ಲಿ ಅವರು ಒಮ್ಮೆ ಅರೆಭಾಷೆಯಲ್ಲಿ, ಒಮ್ಮೆ ಕೊಡವ ತಕ್ಕಿನಲ್ಲಿ, ಒಮ್ಮೆ ಮಲಯಾಳ ಬೆರೆತ ಕನ್ನಡದಲ್ಲಿ ಮಾತನಾಡಿದರೆ ವಾರ್ಡಿನ ಸ್ಥಿತಿಗೆ ಹತ್ತಿರವಾಗುತ್ತದೆ. ಆದರೆ ಕಳೆದುಹೋದ ಪ್ರತಿವರ್ತನೆಯನ್ನಾಗಲಿ, ಅಂಗಾಲು ಗೀರಿದಾಗ ಮೇಲಕ್ಕೆ ತಿರುಗುವ ಹೆಬ್ಬೆರಳನ್ನಾಗಲಿ ಯಾರೂ ನಟಿಸಲಾರರು. ಆ ನಿಲ್ದಾಣಗಳಿಗೆ ಒಪ್ಪಿಗೆ ಪಡೆದ ನಿಜವಾದ ರೋಗಿಗಳೇ ಬೇಕು, ಮತ್ತು ಇಪ್ಪತ್ತು ವಿದ್ಯಾರ್ಥಿಗಳು ಸಾಲಾಗಿ ಬಂದು ಒಬ್ಬರ ಅಂಗಾಲನ್ನೇ ಗೀರುವಂತಾಗಬಾರದು.

ಪ್ರಶ್ನೆ: ನಾನು ಕಾಫಿ ಬೆಳೆಗಾರ. ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಎಂಆರ್‌ಐ ಯಂತ್ರ ಎಲ್ಲವನ್ನೂ ತೋರಿಸುವ ಈ ಕಾಲದಲ್ಲಿ ಸುತ್ತಿಗೆ, ಟ್ಯೂನಿಂಗ್ ಫೋರ್ಕ್ ಹಿಡಿದು ಮಕ್ಕಳಿಗೆ ಇಷ್ಟೊಂದು ಪರೀಕ್ಷೆ ಮಾಡುವ ಅಗತ್ಯ ಇದೆಯೇ?
— ಓದುಗರು, ಸೋಮವಾರಪೇಟೆ

ಉತ್ತರ: ಯಂತ್ರ ಎಲ್ಲವನ್ನೂ ತೋರಿಸುತ್ತದೆ ಎಂಬುದು ಸರಿಯಲ್ಲ, ನಾವು ಅದಕ್ಕೆ ತೋರಿಸಿದ ಜಾಗವನ್ನು ಮಾತ್ರ ಅದು ತೋರಿಸುತ್ತದೆ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಕೆಲವು ವಾರಗಳಿಂದ ಎರಡೂ ಕಾಲು ಬಿಗಿಯಾಗಿ ಸೋಲುತ್ತಿರುವ ಒಬ್ಬರನ್ನು ಊಹಿಸಿಕೊಳ್ಳಿ. ಕಾಲಿನ ತೊಂದರೆ ಎಂದು ಸೊಂಟದ ಎಂಆರ್‌ಐ ಬರೆದುಕೊಟ್ಟರೆ ವರದಿ ಸರಿಯಾಗಿಯೇ ಬರಬಹುದು. ದೊಡ್ಡವರಲ್ಲಿ ಬೆನ್ನುಹುರಿ ಮೊದಲನೆಯ ಸೊಂಟದ ಮೂಳೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಕಾಲು ಬಿಗಿಯುವಂತೆ ಮಾಡುವ ಪೆಟ್ಟು ಅದಕ್ಕಿಂತ ಮೇಲೆ, ಎದೆಯ ಅಥವಾ ಕುತ್ತಿಗೆಯ ಮಟ್ಟದಲ್ಲಿ ಇರಬೇಕು. ಮೊಣಕಾಲಿಗೆ ಸುತ್ತಿಗೆ ತಾಗಿಸಿದಾಗ ಕಾಲು ಜೋರಾಗಿ ಚಿಮ್ಮುವುದನ್ನು ಕಂಡು, ಸೂಜಿಯ ಚುಚ್ಚು ಯಾವ ಮಟ್ಟದಿಂದ ಕೆಳಗೆ ಮಂಕಾಗುತ್ತದೆ ಎಂದು ಹೊಟ್ಟೆಯ ಮೇಲೆ ಗುರುತು ಮಾಡಿದ ವೈದ್ಯರು ಸರಿಯಾದ ಜಾಗದ ಚಿತ್ರ ತೆಗೆಸುತ್ತಾರೆ.

ನಮ್ಮಂಥ ಜಿಲ್ಲೆಯಲ್ಲಿ ದೂರದ ಲೆಕ್ಕವೂ ಇದೆ. 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ನರರೋಗದ ವಿಶೇಷ ಚಿಕಿತ್ಸೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೊರಡುವ ಕುಟುಂಬಗಳು ಬಹಳ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಬಂದಾಗ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೀಗಿರುವಾಗ ಒಂದು ಬದಿ ಸೋತ ರೋಗಿಯನ್ನು ಮೊದಲು ನೋಡುವ ವೈದ್ಯರು, ರೋಗಿ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಕೇಳಬೇಕು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಬೇಕು, ಏಕೆಂದರೆ ಸಕ್ಕರೆ ಕುಸಿದಾಗಲೂ ಪಾರ್ಶ್ವವಾಯುವಿನಂತೆಯೇ ಕಾಣಬಹುದು ಮತ್ತು ಅದಕ್ಕೆ ಅಲ್ಲೇ ಮದ್ದಿದೆ. ಮುಖ ಸೊಟ್ಟಗಾಗಿದ್ದರೆ ಹುಬ್ಬು ಎತ್ತಿಸಿ ನೋಡಬೇಕು: ಆ ಬದಿಯ ಹಣೆಯೂ ಸುಕ್ಕುಗಟ್ಟದೆ, ಕೈಕಾಲು ಗಟ್ಟಿಯಾಗಿದ್ದರೆ ಬಹುತೇಕ ಅದು ಮುಖದ ನರದ ತೊಂದರೆ, ಹಣೆ ಸರಿಯಿದ್ದು ಬಾಯಿ ಮಾತ್ರ ಸೊಟ್ಟಗಾಗಿದ್ದರೆ ಮೆದುಳಿನ ಕಡೆಗೆ ಗಮನ ಹೋಗಬೇಕು. ಈ ನಿರ್ಧಾರಗಳನ್ನೆಲ್ಲ ಆಂಬ್ಯುಲೆನ್ಸ್ ಹೊರಡುವ ಮೊದಲೇ ಮಾಡಬೇಕಾಗುತ್ತದೆ, ಅಲ್ಲಿ ಎಂಆರ್‌ಐ ಇರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಓದುವ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಪ್ರಶ್ನೆಯಾಗಿ ನಾನು ಇಡಬಯಸುವುದು ರೆಫರಲ್ ಚೀಟಿಯನ್ನು. ರೋಗಿಯನ್ನು ನೋಡಿದ ಬಳಿಕ ಮೈಸೂರಿನ ವೈದ್ಯರಿಗೆ ಎಂಟು ಸಾಲಿನೊಳಗೆ ಪತ್ರ ಬರೆಯಿರಿ ಎಂದು ಕೇಳಿದರೆ ಸಾಕು. ತೊಂದರೆ ಶುರುವಾದ ಗಂಟೆ, ನರವ್ಯೂಹದಲ್ಲಿ ಅದು ಇರುವ ಜಾಗ, ಹಾಗೆಂದು ಹೇಳಲು ಆಧಾರ, ದಾರಿಯಲ್ಲಿ ಕೆಡಬಹುದಾದದ್ದು ಏನು, ಈಗಾಗಲೇ ಏನು ಕೊಡಲಾಗಿದೆ, ಇವಿಷ್ಟಕ್ಕೆ ಅಂಕ. ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂಬ ಒಂದೇ ಸಾಲಿನ ಚೀಟಿಗೆ ಅಂಕವಿಲ್ಲ. ನಿಮ್ಮ ಮಗಳು ರಜೆಗೆ ಬಂದಾಗ ಇಂಥ ಪತ್ರವೊಂದನ್ನು ಬರೆದು ನಿಮಗೆ ಓದಿ ಹೇಳಲಿ. ಯಾವ ಆಧಾರದಿಂದ ಆ ಜಾಗವನ್ನು ಹೇಳಿದೆ ಎಂದು ನೀವು ಕೇಳಿದಾಗ ವೈದ್ಯರಲ್ಲದ ನಿಮಗೂ ಅರ್ಥವಾಗುವಂತೆ ವಿವರಿಸಲು ಆಕೆಗೆ ಸಾಧ್ಯವಾಗಬೇಕು.